ಸಂತನ ಮುಖ ಹಾಕಿಕೊಳ್ಳದ ನಟ

ಈ ಸಲದ ಬಸವ ಜಯಂತಿಗೆ ಕಲ್ಯಾಣದ ನಾಟಕವನ್ನೇ ಆಡುವುದೆಂದು ನಮ್ಮ ಹವ್ಯಾಸಿ ತಂಡದಲ್ಲಿ ತೀರ್ಮಾನವಾದಾಗಿನಿಂದ ನನ್ನ ತಲೆಯಲ್ಲಿ ಒಬ್ಬ ಇಂಗ್ಲಿಷ್ ನಟ ಬೀಡುಬಿಟ್ಟಿದ್ದಾರೆ. ಹೆಸರು ಪಾಲ್ ಸ್ಕೋಫೀಲ್ಡ್. ಬಸವಣ್ಣನ ಪಾತ್ರಕ್ಕೂ ಆ ಮನುಷ್ಯನಿಗೂ ಎಲ್ಲಿಯ ಸಂಬಂಧ ಎಂದು ತಂಡದ ಹುಡುಗರು ಕೇಳಿದರು. ತಾಲೀಮಿನ ನಡುವೆ ನಿಂತು ಹೇಳಿ ಮುಗಿಸುವ ಮಾತಲ್ಲ ಅದು. ಅದಕ್ಕೇ ಕುಳಿತು ಬರೆಯುತ್ತಿದ್ದೇನೆ.

ಬಸವಣ್ಣ, ಬಿಜ್ಜಳರ ನಾಟಕ ನಮ್ಮ ಸೀಮೆಗೆ ಹೊಸದಲ್ಲ. ಬಸವಕಲ್ಯಾಣ ಪಕ್ಕದ ಬೀದರ್ ಜಿಲ್ಲೆಯಲ್ಲೇ ಇದೆ. ಆಳಂದ ತಾಲೂಕಿನ ನಮ್ಮೂರಿನ ಜಾತ್ರೆಯಲ್ಲಿ ನಾನು ಚಿಕ್ಕಂದಿನಿಂದ ಈ ಕಥೆಯನ್ನು ನೋಡಿಕೊಂಡು ಬಂದಿದ್ದೇನೆ. ಬಿಜ್ಜಳನ ಪಾರ್ಟು ಮಾಡುವವನಿಗೆ ಚಪ್ಪಾಳೆ ಗಿಟ್ಟಿಸುವುದು ಸುಲಭ. ಮೀಸೆ ತಿರುವಬಹುದು, ಕತ್ತಿ ಹಿರಿಯಬಹುದು, ಗದ್ದುಗೆಯಿಂದ ದಡಕ್ಕನೆ ಏಳಬಹುದು. ಕಷ್ಟವೆಲ್ಲ ಬಸವಣ್ಣನ ಪಾತ್ರಧಾರಿಗೆ. ಅವನು ಕ್ಯಾಲೆಂಡರಿನ ಚಿತ್ರದಿಂದ ಇಳಿದು ಬಂದವನ ಹಾಗೆ ಕೈ ಎತ್ತಿ, ಕಣ್ಣು ಅರೆಮುಚ್ಚಿ, ಪ್ರತಿ ಮಾತನ್ನೂ ಆಶೀರ್ವಾದದಂತೆ ಆಡುತ್ತಾನೆ. ಜನ ಕೈಮುಗಿಯುತ್ತಾರೆ. ಆದರೆ ಭಂಡಾರದ ಲೆಕ್ಕ ನೋಡುತ್ತಿದ್ದ, ಅರಸನ ಎದುರು ನಿಲ್ಲಬೇಕಾದಾಗ ಒಳಗೆಲ್ಲೋ ಅಳುಕಿರಬಹುದಾದ, ಮನೆಯವರ ಜೊತೆ ನಕ್ಕಿರಬಹುದಾದ ಮನುಷ್ಯ ರಂಗದ ಮೇಲೆ ಕಾಣುವುದಿಲ್ಲ. ದುಷ್ಟನನ್ನು ಆಡಿ ತೋರಿಸಲು ನೂರು ದಾರಿಗಳಿವೆ. ಒಳ್ಳೆಯವನನ್ನು ಮನುಷ್ಯನನ್ನಾಗಿ ಉಳಿಸಿಕೊಂಡು ಆಡುವುದು ಬಲು ಕಠಿಣ. ಸ್ಕೋಫೀಲ್ಡ್ ಅದನ್ನು ಸಾಧಿಸಿದವರು. ಅದೇ ಮನುಷ್ಯ ದುಷ್ಟರನ್ನೂ, ಹುಚ್ಚರನ್ನೂ, ಪೋಕರಿಗಳನ್ನೂ ಅಷ್ಟೇ ನಂಬುವಂತೆ ಆಡಿದರು.

ಅವರು ಹುಟ್ಟಿದ್ದು 1922ರ ಜನವರಿ 21ರಂದು, ಬರ್ಮಿಂಗ್‌ಹ್ಯಾಮಿನಲ್ಲಿ. ಬೆಳೆದದ್ದು ದಕ್ಷಿಣ ಇಂಗ್ಲೆಂಡಿನ ಸಸೆಕ್ಸ್ ಪ್ರಾಂತ್ಯದ ಹರ್ಸ್ಟ್‌ಪಿಯರ್‌ಪಾಯಿಂಟ್ ಎಂಬ ಹಳ್ಳಿಯಲ್ಲಿ. ತಂದೆ ಅಲ್ಲಿನ ಶಾಲೆಯ ಮುಖ್ಯೋಪಾಧ್ಯಾಯರು. ಹುಡುಗ ಓದಿನಲ್ಲಿ ಅಷ್ಟಕ್ಕಷ್ಟೆ. ಬ್ರೈಟನ್ ಪಟ್ಟಣದ ಗಂಡುಮಕ್ಕಳ ಶಾಲೆಯಲ್ಲಿ ಹದಿಮೂರನೆಯ ವಯಸ್ಸಿಗೆ ಶೇಕ್ಸ್‌ಪಿಯರನ ಜೂಲಿಯೆಟ್ ಆಗಿ ರಂಗವೇರಿದಾಗ ದಾರಿ ಸಿಕ್ಕಿತು. ಗಂಡುಹುಡುಗ ನಾಯಕಿಯಾದದ್ದು ನಮ್ಮ ಕಡೆಯವರಿಗೆ ಆಶ್ಚರ್ಯದ ಸಂಗತಿಯೇನೂ ಅಲ್ಲ. ನಮ್ಮ ಕಾಕಾ ಮೀಸೆ ಬೋಳಿಸಿಕೊಂಡು ದ್ರೌಪದಿಯಾಗುತ್ತಿದ್ದರು. ಸೀರೆಯ ನಿರಿಗೆ ಹಿಡಿಯಲು ಕಾಕಿಯೇ ಬಣ್ಣದ ಕೋಣೆಗೆ ಬರಬೇಕಿತ್ತು.

ಎರಡನೆಯ ಮಹಾಯುದ್ಧ ಬಂದಾಗ ಸ್ಕೋಫೀಲ್ಡರನ್ನು ಸೇನೆ ತೆಗೆದುಕೊಳ್ಳಲಿಲ್ಲ. ಕಾಲ್ಬೆರಳುಗಳು ಒಂದರ ಮೇಲೊಂದು ಹತ್ತಿಕೊಂಡಿದ್ದರಿಂದ ಸೈನಿಕರ ಬೂಟು ಹಾಕಲು ಬರುತ್ತಿರಲಿಲ್ಲ. ಅವರು ನಾಟಕದಲ್ಲೇ ಉಳಿದರು. ಬರ್ಮಿಂಗ್‌ಹ್ಯಾಮಿನ ರೆಪರ್ಟರಿ ಸೇರಿದರು. ನಮ್ಮ ಕಲಬುರಗಿ ರಂಗಾಯಣದಲ್ಲಿ ಇರುವಂತೆ, ಒಂದೇ ತಂಡ ಒಂದಾದ ಮೇಲೊಂದು ನಾಟಕ ಆಡುವ ಪದ್ಧತಿ ಅದು. ಇಂದು ಮುದುಕ, ಮುಂದಿನ ತಿಂಗಳು ಪ್ರೇಮಿ, ಅದರ ಮುಂದಿನ ತಿಂಗಳು ವಿದೂಷಕ. ಯಾವ ಪಾತ್ರವನ್ನೂ 'ಇದು ನನ್ನದಲ್ಲ' ಎಂದು ತಳ್ಳಲು ಅಲ್ಲಿ ಅವಕಾಶವಿಲ್ಲ. 1945ರಲ್ಲಿ ಅದೇ ರಂಗಮಂದಿರಕ್ಕೆ ಇಪ್ಪತ್ತರ ಹರೆಯದ ನಿರ್ದೇಶಕನೊಬ್ಬ ಬಂದ, ಪೀಟರ್ ಬ್ರೂಕ್. ಸ್ಕೋಫೀಲ್ಡರಿಗೆ ಆಗ ಇಪ್ಪತ್ಮೂರು. ಮುಂದೆ ಮಹಾಭಾರತವನ್ನು ರಂಗಕ್ಕೆ ತಂದ ಬ್ರೂಕ್ ಇವರೇ ಎಂದರೆ ನಮ್ಮ ಓದುಗರಿಗೆ ಗುರುತು ಸಿಕ್ಕೀತು. ಇಬ್ಬರೂ ಶೇಕ್ಸ್‌ಪಿಯರನ ಹುಟ್ಟೂರಾದ ಸ್ಟ್ರ್ಯಾಟ್‌ಫರ್ಡ್‌ಗೆ ಹೋದರು. ಅಲ್ಲಿ 1948ರಲ್ಲಿ ಸ್ಕೋಫೀಲ್ಡ್ ಹ್ಯಾಮ್ಲೆಟ್ ಆದರು. 1955ರಲ್ಲಿ ಬ್ರೂಕರ ನಿರ್ದೇಶನದಲ್ಲಿ ಮತ್ತೆ ಹ್ಯಾಮ್ಲೆಟ್ ಆಡಿ, ಆ ನಾಟಕವನ್ನು ಮಾಸ್ಕೋಗೂ ಕೊಂಡೊಯ್ದರು.

ಆ ಎರಡನೆಯ ಹ್ಯಾಮ್ಲೆಟ್ ಕಾಲದ ಒಂದು ಸಂಗತಿಯನ್ನು ಬ್ರೂಕ್ ಬರೆದಿದ್ದಾರೆ. ಅದನ್ನು ಓದಿದ ಮೇಲೆಯೇ ನಾನು ಈ ನಟನ ಹಿಂದೆ ಬಿದ್ದದ್ದು. ರಾತ್ರಿ ಹ್ಯಾಮ್ಲೆಟ್ ಪ್ರದರ್ಶನ, ಹಗಲು ಮುಂದಿನ ನಾಟಕದ ತಾಲೀಮು. ಮುಂದಿನದು ಗ್ರಹಾಂ ಗ್ರೀನ್ ಅವರ ಕಾದಂಬರಿಯೊಂದರ ರಂಗರೂಪ. ಮೆಕ್ಸಿಕೊದಲ್ಲಿ ಪೊಲೀಸರಿಂದ ತಲೆಮರೆಸಿಕೊಂಡು ಅಲೆಯುವ, ಕುಡಿತಕ್ಕೆ ಬಿದ್ದ ಪಾದ್ರಿಯೊಬ್ಬನ ಪಾತ್ರ. ತಾಲೀಮು ದಿನ ದಿನವೂ ನಡೆಯುತ್ತಿತ್ತು, ಪಾದ್ರಿ ಮಾತ್ರ ಬರುತ್ತಿರಲಿಲ್ಲ. ಸ್ಕೋಫೀಲ್ಡ್ ಎತ್ತರದ ಆಳು. ತಲೆಯ ತುಂಬ ರಾಜಕುಮಾರನ ಕೂದಲು. ಆ ಕೂದಲನ್ನು ಕತ್ತರಿಸುವಂತಿಲ್ಲ, ರಾತ್ರಿ ಹ್ಯಾಮ್ಲೆಟ್ ಕಾದಿರುತ್ತಾನೆ. ಕೊನೆಗೆ ಹ್ಯಾಮ್ಲೆಟ್ ಪ್ರದರ್ಶನಗಳು ಮುಗಿದವು. ಸ್ಕೋಫೀಲ್ಡ್ ಕೂದಲು ತೆಗೆಸಿದರು. ಮುಂದಿನ ತಾಲೀಮಿನಲ್ಲಿ ಬಾಗಿಲು ತೆರೆದು ಕಪ್ಪು ಬಟ್ಟೆಯ, ಕನ್ನಡಕದ, ಕೈಯಲ್ಲಿ ಪೆಟ್ಟಿಗೆ ಹಿಡಿದ ಕುಳ್ಳ ಮನುಷ್ಯನೊಬ್ಬ ಒಳಗೆ ಬಂದ. ಯಾರೋ ಹೊರಗಿನವನು ದಾರಿ ತಪ್ಪಿ ಬಂದಿದ್ದಾನೆ ಎಂದೇ ಅಲ್ಲಿದ್ದವರು ಒಂದು ಕ್ಷಣ ಅಂದುಕೊಂಡರು. ಅದು ಸ್ಕೋಫೀಲ್ಡ್. ಎತ್ತರದ ದೇಹ ಕುಗ್ಗಿತ್ತು, ಪಾದ್ರಿ ಬಂದಿದ್ದ.

ಇದನ್ನು ಕೂದಲಿನ ಮಹಿಮೆ ಎಂದು ತೇಲಿಸಿಬಿಡಬಾರದು. ಒಂದು ಪಾತ್ರ ಪೂರ್ತಿ ಖಾಲಿಯಾಗುವವರೆಗೆ ಇನ್ನೊಂದಕ್ಕೆ ಈ ನಟನ ಮೈಯಲ್ಲಿ ಜಾಗವಿರಲಿಲ್ಲ ಎಂದು ನಾನು ತಿಳಿದಿದ್ದೇನೆ. ಬಹುಮುಖ ಪ್ರತಿಭೆ ಎಂದರೆ ಹತ್ತು ದನಿ, ಹತ್ತು ನಡಿಗೆ ಬರುವವನು ಎಂದು ನಾವು ಹೊಗಳಿಬಿಡುತ್ತೇವೆ. ಅನುಕರಣೆಯ ಆ ಚಳಕ ಬೇರೆ. ಸ್ಕೋಫೀಲ್ಡ್ ಪಾತ್ರ ಬರುವ ತನಕ ಬರಿಗೈಯಲ್ಲಿ ಕಾಯುವ ಧೈರ್ಯ ಇದ್ದವರು. ಎರಡು ವರ್ಷ ಕಳೆಯಿತು ಎನ್ನುವಷ್ಟರಲ್ಲಿ, 1958ರಲ್ಲಿ, ಅದೇ ಮನುಷ್ಯ ಒಂದು ಸಂಗೀತ ನಾಟಕದಲ್ಲಿ ಲಂಡನ್ನಿನ ಸೋಹೊ ಗಲ್ಲಿಯ ದಲ್ಲಾಳಿಯಾಗಿ, ಪಡ್ಡೆ ಹಾಡುಗಾರನೊಬ್ಬನನ್ನು ಮಾರಿ ದುಡ್ಡು ಮಾಡುವ ಚತುರನಾಗಿ, ಹಾಡಿ ಬಂದರು.

1960ರ ಜುಲೈ ತಿಂಗಳಲ್ಲಿ ಲಂಡನ್ನಿನ ಗ್ಲೋಬ್ ರಂಗಮಂದಿರದಲ್ಲಿ ರಾಬರ್ಟ್ ಬೋಲ್ಟ್ ಬರೆದ 'ಎ ಮ್ಯಾನ್ ಫಾರ್ ಆಲ್ ಸೀಸನ್ಸ್' ನಾಟಕ. ಕಥೆ ಹದಿನಾರನೆಯ ಶತಮಾನದ್ದು. ದೊರೆ ಎಂಟನೆಯ ಹೆನ್ರಿ ಹೆಂಡತಿಯನ್ನು ಬಿಟ್ಟು ಇನ್ನೊಬ್ಬಳನ್ನು ಮದುವೆಯಾಗಲು ಹೊರಟ. ಪೋಪ್ ಒಪ್ಪಲಿಲ್ಲ. ದೊರೆ ತಾನೇ ಇಂಗ್ಲೆಂಡಿನ ಚರ್ಚಿನ ಮುಖ್ಯಸ್ಥನೆಂದು ಸಾರಿಕೊಂಡ. ಅದನ್ನು ಒಪ್ಪಿ ಹೆಚ್ಚುಕಡಿಮೆ ಎಲ್ಲರೂ ಪ್ರಮಾಣ ಮಾಡಿದರು. ಪ್ರಧಾನ ಪದವಿಯಲ್ಲಿದ್ದ ಥಾಮಸ್ ಮೋರ್ ರಾಜೀನಾಮೆ ಕೊಟ್ಟು ಸುಮ್ಮನಾದ. ದೊರೆಯನ್ನು ಬಯ್ಯಲಿಲ್ಲ, ಬೀದಿಗಿಳಿಯಲಿಲ್ಲ, ಪ್ರಮಾಣವನ್ನೂ ಮಾಡಲಿಲ್ಲ. 1535ರ ಜುಲೈ 6ರಂದು ಅವನ ತಲೆ ಕಡಿದರು.

ಈ ಪಾತ್ರವನ್ನು ಸ್ಕೋಫೀಲ್ಡ್ ಮೊದಲು ಲಂಡನ್ನಿನಲ್ಲಿ, ಆಮೇಲೆ ನ್ಯೂಯಾರ್ಕಿನಲ್ಲಿ ಆಡಿದರು. 1962ರಲ್ಲಿ ಅಮೆರಿಕದ ರಂಗಭೂಮಿಯ ಟೋನಿ ಪ್ರಶಸ್ತಿ ಬಂತು. 1966ರಲ್ಲಿ ಫ್ರೆಡ್ ಜಿನ್ನೆಮನ್ ಅದನ್ನು ಸಿನಿಮಾ ಮಾಡಿದಾಗ ಅವರೇ ಮೋರ್ ಆದರು, ಆಸ್ಕರ್ ಬಂತು. ರಂಗದ ಮೇಲಿನ ಮೋರ್ ನಮಗೆ ಸಿಗುವುದಿಲ್ಲ. ಸಿನಿಮಾ ಸಿಗುತ್ತದೆ. ನ್ಯಾಯಾಲಯದ ದೃಶ್ಯವನ್ನು ನಾನು ತಂಡದವರಿಗೆ ತೋರಿಸಬೇಕೆಂದಿದ್ದೇನೆ. ರಿಚರ್ಡ್ ರಿಚ್ ಎಂಬ ತರುಣ, ಹಿಂದೊಮ್ಮೆ ಮೋರ್‌ನ ಮನೆಯಲ್ಲಿ ಕೆಲಸ ಕೇಳಿಕೊಂಡು ನಿಂತಿದ್ದವನು, ಈಗ ಸುಳ್ಳು ಸಾಕ್ಷಿ ಹೇಳುತ್ತಾನೆ. ಆ ಒಂದು ಸುಳ್ಳಿನಿಂದ ಮೋರ್‌ನ ತಲೆ ಹೋಗುವುದು ಖಚಿತವಾಗುತ್ತದೆ. ನಮ್ಮ ಜಾತ್ರೆಯ ರಂಗವಾಗಿದ್ದರೆ ಇಲ್ಲಿ ಹಾರ್ಮೋನಿಯಂ ಮಾಸ್ತರು ಸ್ವರ ಏರಿಸುತ್ತಿದ್ದರು, ನಾಯಕ ಗುಡುಗುತ್ತಿದ್ದ. ಸ್ಕೋಫೀಲ್ಡ್ ಏನು ಮಾಡುತ್ತಾರೆ? ಸಾಕ್ಷಿ ಹೊರಟಾಗ ತಡೆದು, ಅವನ ಕೊರಳಲ್ಲಿರುವ ಪದವಿಯ ಸರವನ್ನು ನೋಡಬಹುದೇ ಎಂದು ಕೇಳುತ್ತಾರೆ. ಹತ್ತಿರ ಹೋಗಿ ಅದನ್ನು ನೋಡುತ್ತಾರೆ. ವೇಲ್ಸ್ ಪ್ರಾಂತ್ಯದ ಅಟಾರ್ನಿ ಜನರಲ್ ಹುದ್ದೆ ಸಿಕ್ಕಿದೆಯೆಂದು ಬೇರೆಯವರು ಹೇಳುತ್ತಾರೆ. ಆಗ ಮೋರ್, ಇಡೀ ಲೋಕ ಸಿಕ್ಕರೂ ಆತ್ಮ ಮಾರಿಕೊಂಡವನಿಗೆ ಲಾಭವಿಲ್ಲ, ನೀನು ವೇಲ್ಸ್‌ಗೋಸ್ಕರ ಮಾರಿಕೊಂಡೆಯಾ ಎನ್ನುತ್ತಾನೆ. ದನಿಯಲ್ಲಿ ಸಿಟ್ಟಿಲ್ಲ, ಚುಚ್ಚಬೇಕೆಂಬ ಹಟವೂ ಇಲ್ಲ. ಹುಡುಗ ಇಷ್ಟು ಅಗ್ಗಕ್ಕೆ ಹೋದನಲ್ಲ ಎಂಬ ಮರುಕ ಇದೆ. ಸಾಯಬೇಕಾದವನು ತನ್ನನ್ನು ಕೊಲ್ಲುವವನಿಗಾಗಿ ಮರುಗುತ್ತಾನೆ. ಒಳ್ಳೆಯತನವನ್ನು ಆ ನಟ ಮುಖಕ್ಕೆ ಬಳಿದುಕೊಂಡಿಲ್ಲ. ಎದುರಿಗಿರುವವನನ್ನು ನೋಡುವ ಬಗೆಯಲ್ಲಿ ಇಟ್ಟಿದ್ದಾರೆ.

ಬಸವಣ್ಣನ ಪಾತ್ರಕ್ಕೆ ನನಗೆ ಬೇಕಾದದ್ದು ಇದು. ಬಿಜ್ಜಳನ ಮುಂದೆ ನಿಂತಾಗ ಸಭೆಯ ಕಡೆ ಮುಖ ಮಾಡಿ ಕೈ ಎತ್ತುವುದು ಬೇಡ, ಬಿಜ್ಜಳನನ್ನೇ ನೋಡು ಎಂದು ನಮ್ಮ ಹುಡುಗನಿಗೆ ಹೇಳಿದೆ. 'ಅಕ್ಕಾ, ಹಿಂದಿನ ಸಾಲಿನವರಿಗೆ ಮುಖ ಕಾಣಬೇಡವೇ?' ಎಂದು ಕೇಳಿದ. ನ್ಯಾಯವಾದ ಪ್ರಶ್ನೆ. ಪಂಡಿತ ರಂಗಮಂದಿರದಂಥ ದೊಡ್ಡ ಸಭಾಂಗಣದಲ್ಲಿ ಕೊನೆಯ ಕುರ್ಚಿಗೆ ಕಣ್ಣಿನ ಭಾವ ತಲುಪುವುದಿಲ್ಲ, ದನಿ ತಲುಪುತ್ತದೆ.

ದನಿಯ ವಿಷಯದಲ್ಲಿ ನನಗೆ ಒಂದಿಷ್ಟು ಅನುಭವ ಉಂಟು. ಹಗಲಿನ ಉದ್ಯೋಗ ಪ್ರೌಢಶಾಲೆಯ ಪಾಠವಾದರೂ ಕಲಬುರಗಿ ಆಕಾಶವಾಣಿಯ ನಾಟಕಗಳಿಗೆ ಆಗಾಗ ದನಿ ಕೊಡುತ್ತೇನೆ. ಸ್ಟುಡಿಯೊದಲ್ಲಿ ಹಾಳೆಗಳನ್ನು ಪಿನ್ನಿನಿಂದ ಬಿಡಿಸಿ ಒಂದೊಂದಾಗಿ ಹಿಡಿಯಬೇಕು, ಇಲ್ಲದಿದ್ದರೆ ಮಗುಚುವ ಸದ್ದು ಮುದ್ರಣವಾಗುತ್ತದೆ. ಸಿಟ್ಟಿನ ಮಾತು ಬಂದಾಗ ಹೊಸಬರು ಕೂಗುತ್ತಾರೆ. ಗಾಜಿನಾಚೆ ಮೀಟರಿನ ಮುಳ್ಳು ಕೆಂಪು ಗೆರೆ ದಾಟುತ್ತದೆ, ದನಿ ಒಡೆಯುತ್ತದೆ, ಮತ್ತೆ ಮೊದಲಿನಿಂದ. ಅಲ್ಲಿ ಸಿಟ್ಟನ್ನು ಉಸಿರಿನಲ್ಲಿ ಹಿಡಿಯಬೇಕು. ಸ್ಕೋಫೀಲ್ಡರ ದನಿ ನನ್ನನ್ನು ಕಟ್ಟಿಹಾಕಿದ್ದು ಈ ಕಾರಣಕ್ಕೆ. ಎರೆಭೂಮಿ ಬಿರುಕು ಬಿಟ್ಟ ಹಾಗೆ ಒಡಕು ಇರುವ ಗಂಭೀರ ದನಿ ಅದು. ಪದಗಳ ನಡುವೆ ಅನಿರೀಕ್ಷಿತ ಕಡೆಗಳಲ್ಲಿ ನಿಲ್ಲುತ್ತದೆ. ನಿಂತಾಗ ಆ ಮನುಷ್ಯ ಮುಂದಿನ ಮಾತನ್ನು ಈಗಷ್ಟೇ ಹುಡುಕುತ್ತಿದ್ದಾನೆ ಅನ್ನಿಸುತ್ತದೆ. ಬಿಬಿಸಿ ರೇಡಿಯೊದಲ್ಲಿ ಅವರು ಜೀವಮಾನವಿಡೀ ನಾಟಕ ಆಡಿದರು, ಕವಿತೆ ಓದಿದರು. ರಂಗದ ದೊಡ್ಡ ನಟರು ರೇಡಿಯೊವನ್ನು ಬಿಡುವಿನ ಕೆಲಸವೆಂದು ನೋಡುವುದುಂಟು. ಅವರು ಹಾಗೆ ನೋಡಲಿಲ್ಲ. ಅದಕ್ಕಾಗಿ ಅವರ ಮೇಲೆ ನನಗೆ ಒಂದು ತೂಕ ಹೆಚ್ಚೇ ಪ್ರೀತಿ.

ಇನ್ನು ಲಿಯರ್, ರಾಜ್ಯವನ್ನು ಹೆಣ್ಣುಮಕ್ಕಳಿಗೆ ಹಂಚಿಕೊಡುವ ಶೇಕ್ಸ್‌ಪಿಯರನ ಮುದಿ ದೊರೆ. 1962ರ ನವೆಂಬರಿನಲ್ಲಿ ಬ್ರೂಕ್ ನಿರ್ದೇಶನದಲ್ಲಿ ಸ್ಟ್ರ್ಯಾಟ್‌ಫರ್ಡ್‌ನಲ್ಲಿ ಸ್ಕೋಫೀಲ್ಡ್ ಲಿಯರ್ ಮಹಾರಾಜನಾದರು. ವಯಸ್ಸು ನಲವತ್ತು. ಅಲ್ಲಿಯ ತನಕ ಲಿಯರ್ ಎಂದರೆ ಬಿಳಿಗಡ್ಡ ಹಾರಾಡಿಸುತ್ತ ಗೋಳಾಡುವ, ಹೆಣ್ಣುಮಕ್ಕಳಿಂದ ಮೋಸ ಹೋದ ಪಾಪದ ಮುದುಕ. ಇವರ ಲಿಯರ್ ಗಟ್ಟಿಮುಟ್ಟಾದ, ಕೂದಲು ಮೋಟಾಗಿ ಕತ್ತರಿಸಿದ, ಚರ್ಮದ ಉಡುಪಿನ ಒರಟ. ದೊಡ್ಡ ಮಗಳು ಗಾನರಿಲ್‌ಳ ಮನೆಯಲ್ಲಿ ಊಟದ ಮೇಜನ್ನೇ ಉರುಳಿಸಿಬಿಡುತ್ತಾನೆ, ಅವನ ಸೈನಿಕರು ಮನೆಯೆಲ್ಲ ಧ್ವಂಸ ಮಾಡುತ್ತಾರೆ. ಅಪ್ಪನನ್ನು ಸಾಕಲಾಗದು ಎನ್ನುವ ಮಗಳ ಮಾತಿನಲ್ಲೂ ಹುರುಳಿದೆ ಎಂದು ಪ್ರೇಕ್ಷಕನಿಗೆ ಅನ್ನಿಸಬೇಕು. ಆಸ್ತಿ ಹಂಚಿದ ಮೇಲೆ ಮಕ್ಕಳ ಮನೆಗಳಲ್ಲಿ ತಿಂಗಳಿಗೊಬ್ಬರಂತೆ ಪಾಳಿಯ ಮೇಲೆ ಉಣ್ಣುವ ಹಿರಿಯರು ನಮ್ಮ ಊರುಗಳಲ್ಲಿ ಎಷ್ಟಿಲ್ಲ! ಅವರಲ್ಲಿ ಎಲ್ಲರೂ ಪಾಪದವರಲ್ಲ, ಸೊಸೆಯಂದಿರೆಲ್ಲ ರಾಕ್ಷಸಿಯರೂ ಅಲ್ಲ. ಆ ಸತ್ಯವನ್ನು ರಂಗದ ಮೇಲೆ ಹೇಳಲು ಎದೆಗಾರಿಕೆ ಬೇಕು, ಏಕೆಂದರೆ ಕಣ್ಣೀರಿನ ಸುಲಭದ ದಾರಿ ಅಲ್ಲಿ ಮುಚ್ಚಿಹೋಗುತ್ತದೆ. ಪ್ರೇಕ್ಷಕರ ಪ್ರೀತಿಯನ್ನು ಮೊದಲ ಅಂಕದಲ್ಲೇ ಕಳೆದುಕೊಂಡು, ನಾಲ್ಕನೆಯ ಅಂಕದ ಹೊತ್ತಿಗೆ ದುಡಿದು ಮರಳಿ ಗಳಿಸಬೇಕು.

ಈ ನಾಟಕ ಪೂರ್ವ ಯುರೋಪಿನಲ್ಲೆಲ್ಲ ಸುತ್ತಿತು. ಬುಡಾಪೆಸ್ಟ್‌ನಿಂದ ಮಾಸ್ಕೋವರೆಗಿನ ಪ್ರದರ್ಶನಗಳೇ ಅತ್ಯುತ್ತಮವಾಗಿದ್ದವು, ಇಂಗ್ಲಿಷ್ ಹೆಚ್ಚು ಬಾರದ ಜನರ ಮುಂದೆ ನಟರು ಅರಳಿದರು, ಇಂಗ್ಲಿಷ್ ಬಲ್ಲ ಅಮೆರಿಕದಲ್ಲಿ ಕಳೆಗುಂದಿದರು ಎಂದು ಬ್ರೂಕ್ ಬರೆದಿದ್ದಾರೆ. 2004ರಲ್ಲಿ ರಾಯಲ್ ಶೇಕ್ಸ್‌ಪಿಯರ್ ಕಂಪನಿಯ ನಟರ ನಡುವೆ ಮತ ಕೇಳಿದಾಗ ಶೇಕ್ಸ್‌ಪಿಯರ್ ಪಾತ್ರಗಳ ಅಭಿನಯದಲ್ಲೆಲ್ಲ ಅತಿ ಶ್ರೇಷ್ಠವೆಂದು ಆರಿಸಿದ್ದು ಈ ಲಿಯರನ್ನೇ. ಡೆನ್ಮಾರ್ಕಿನ ಹಿಮದಲ್ಲಿ ಚಿತ್ರಿಸಿದ, 1971ರ ಕಪ್ಪುಬಿಳುಪು ಸಿನಿಮಾ ರೂಪವೂ ಇದೆ. ನೋಡಲು ತಾಳ್ಮೆ ಬೇಕು. ಆರಂಭದಲ್ಲಿ ಕ್ಯಾಮೆರಾ ಮಾತಿಲ್ಲದ ಮುಖಗಳ ಮೇಲೆ ಸಾಗುತ್ತಲೇ ಇರುತ್ತದೆ. ಕೊನೆಗೆ ಕತ್ತಲ ಗೂಡಿನಂಥ ಸಿಂಹಾಸನದೊಳಗಿಂದ ದೊರೆ ಏರಿಳಿತವಿಲ್ಲದ ದನಿಯಲ್ಲಿ ರಾಜ್ಯ ಹಂಚಲು ತೊಡಗುತ್ತಾನೆ.

1979ರಲ್ಲಿ ಪೀಟರ್ ಶಾಫರ್ ಅವರ 'ಅಮಡಿಯಸ್' ನಾಟಕ ಲಂಡನ್ನಿನ ನ್ಯಾಷನಲ್ ಥಿಯೇಟರಿನಲ್ಲಿ ಮೊದಲು ರಂಗಕ್ಕೆ ಬಂದಾಗ ಮೊಟ್ಸಾರ್ಟ್‌ನ ಪ್ರತಿಭೆಯನ್ನು ಕಂಡು ಹೊಟ್ಟೆ ಉರಿದುಕೊಳ್ಳುವ ಸಂಗೀತಗಾರ ಸಾಲಿಯೇರಿಯ ಪಾತ್ರ ಇವರದು. ಗಾಲಿಕುರ್ಚಿಯ ಮುದುಕ ಪ್ರೇಕ್ಷಕರ ಕಣ್ಣೆದುರೇ ನಿಲುವಂಗಿ ಕಳಚಿ ತರುಣನಾಗಬೇಕು. ಸಿನಿಮಾದಲ್ಲಿ ಆ ಪಾತ್ರ ಬೇರೆಯವರಿಗೆ ಹೋಯಿತು, ಅವರಿಗೆ ಆಸ್ಕರ್ ಬಂತು. ಸ್ಕೋಫೀಲ್ಡ್ ಸಿನಿಮಾಗಳೇ ಕಡಿಮೆ. 'ಕ್ವಿಜ್ ಶೋ' ಚಿತ್ರದಲ್ಲಿ ಮಗನ ಮೋಸ ತಿಳಿಯುವ ವಿದ್ವಾಂಸ ತಂದೆ, 'ದಿ ಕ್ರೂಸಿಬಲ್' ಚಿತ್ರದಲ್ಲಿ ಮಾಟಗಾತಿಯರೆಂದು ಜನರನ್ನು ನೇಣಿಗೆ ಕಳುಹಿಸುವ ನ್ಯಾಯಾಧೀಶ, ಇವೆರಡನ್ನು ಒಂದರ ಹಿಂದೊಂದು ನೋಡಬೇಕು. ಎರಡೂ ಎಪ್ಪತ್ತು ದಾಟಿದ ಮೇಲಿನವು. ಮೋರ್ ಆಗಿ ಕಟಕಟೆಯಲ್ಲಿ ನಿಂತವರು ಇಲ್ಲಿ ನ್ಯಾಯಪೀಠದಲ್ಲಿ ಕೂತು, ಅಷ್ಟೇ ಶಾಂತವಾಗಿ, ಅಷ್ಟೇ ಖಚಿತ ನಂಬಿಕೆಯಿಂದ ಅನ್ಯಾಯ ಮಾಡುತ್ತಾರೆ. ನನಗೆ ನಡುಕ ಬಂತು.

ಇಷ್ಟೆಲ್ಲ ಆದರೂ ಆ ಮನುಷ್ಯನ ಬದುಕಿನಲ್ಲಿ ಸುದ್ದಿಯಾಗುವಂಥದ್ದು ಏನೂ ಇಲ್ಲ. ತಮ್ಮೊಡನೆ ಹ್ಯಾಮ್ಲೆಟ್ ನಾಟಕದಲ್ಲಿ ಒಫೀಲಿಯಾ ಆಗಿ ನಟಿಸಿದ ಜಾಯ್ ಪಾರ್ಕರ್ ಅವರನ್ನು 1943ರಲ್ಲಿ ಮದುವೆಯಾದರು, ಕೊನೆಯವರೆಗೂ ಜೊತೆಯಾಗಿ ಬಾಳಿದರು. ಸಸೆಕ್ಸ್‌ನ ಬಾಲ್ಕೂಂಬ್ ಎಂಬ ಹಳ್ಳಿಯಲ್ಲಿ ಮನೆ, ತಾವು ಬೆಳೆದ ಊರಿನಿಂದ ಕೆಲವೇ ಮೈಲಿ. ನಾಟಕ ಮುಗಿಸಿ ರೈಲು ಹತ್ತಿ ಮನೆಗೆ. ಸಂದರ್ಶನ, ಸಮಾರಂಭ ಎಂದರೆ ದೂರ. ಆಸ್ಕರ್ ತೆಗೆದುಕೊಳ್ಳಲೂ ಹೋಗಲಿಲ್ಲ, ಅವರ ಪರವಾಗಿ ಸಹನಟಿ ವೆಂಡಿ ಹಿಲ್ಲರ್ ಸ್ವೀಕರಿಸಿದರು. ಹೆಸರಿಗೆ ಮೊದಲು 'ಸರ್' ಸೇರುವ ನೈಟ್‌ಹುಡ್ ಗೌರವ ಬಂದಾಗ ಬೇಡವೆಂದರು. ಎಲ್ಲರಿಗೂ ಇರುವ ಮಿಸ್ಟರ್ ಸಾಲದೇ ಎಂಬುದು ಅವರ ನಿಲುವು. ಆದರೆ ನಾಡು ಕೊಟ್ಟ ಬೇರೆ ಗೌರವಗಳನ್ನು ಅವರು ಸ್ವೀಕರಿಸಿದ್ದುಂಟು. 2001ರಲ್ಲಿ 'ಕಂಪ್ಯಾನಿಯನ್ ಆಫ್ ಆನರ್' ಆದರು, ಅದಕ್ಕೆ 'ಸರ್'ನಂಥ ಬಿರುದು ಹೆಸರಿಗೆ ಅಂಟುವುದಿಲ್ಲ.

ಇದನ್ನು ಹೇಳಿ, ಪ್ರಶಸ್ತಿಗೆ ಅರ್ಜಿ ಹಾಕುವ ನಮ್ಮ ಕಲಾವಿದರನ್ನು ಹೀಗಳೆಯುವವರನ್ನು ನಾನು ಕಂಡಿದ್ದೇನೆ. ಅದು ನನಗೆ ಒಪ್ಪಿಗೆಯಿಲ್ಲ. ಬಣ್ಣ ಹಚ್ಚಿಯೇ ಮುಪ್ಪಾದ ಕಂಪನಿ ನಾಟಕದ ನಟಿಗೆ ಒಂದು ಪ್ರಶಸ್ತಿ ಎಂದರೆ ಮಾಸಾಶನಕ್ಕೆ ಆಧಾರ, ಔಷಧಕ್ಕೆ ದುಡ್ಡು. ಸ್ಕೋಫೀಲ್ಡರಿಗೆ ಹಳ್ಳಿಯಲ್ಲಿ ಮನೆಯಿತ್ತು, ಕೈತುಂಬ ಕೆಲಸವಿತ್ತು. ಬೇಡ ಎನ್ನಲು ಅವರಿಗೆ ಆಸರೆಯಿತ್ತು. ನಾನು ಅವರಲ್ಲಿ ಮೆಚ್ಚುವುದು ಬಿರುದು ಬಿಟ್ಟದ್ದಕ್ಕಿಂತ, ಬಿರುದು ಹೊತ್ತ ಮನುಷ್ಯನಾಗಿ ರಂಗದ ಮೇಲೆ ಕಾಣಿಸಿಕೊಳ್ಳಲು ಒಪ್ಪದ್ದನ್ನು. ಪ್ರೇಕ್ಷಕನಿಗೆ ನಟನ ಬಗ್ಗೆ ಕಡಿಮೆ ಗೊತ್ತಿದ್ದಷ್ಟೂ ಪಾತ್ರಕ್ಕೆ ಜಾಗ ಹೆಚ್ಚು.

ರಂಗದ ಮೇಲೆ ಅವರ ಕೊನೆಯ ದೊಡ್ಡ ಪಾತ್ರ 1996ರಲ್ಲಿ, ನಾರ್ವೆಯ ನಾಟಕಕಾರ ಇಬ್ಸೆನ್ನನ ಜಾನ್ ಗೇಬ್ರಿಯಲ್ ಬೋರ್ಕ್‌ಮನ್. 2008ರ ಮಾರ್ಚ್ 19ರಂದು, ರಕ್ತದ ಕ್ಯಾನ್ಸರಿನಿಂದ, ಎಂಬತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡರು.

ತಂಡದವರಲ್ಲಿ ಸಿನಿಮಾ ನೋಡಲು ಬಿಡುವಿಲ್ಲದವರಿಗೆ ಇನ್ನೊಂದು ದಾರಿ ಹೇಳುತ್ತೇನೆ. 2002ರಲ್ಲಿ, ಅವರಿಗೆ ಎಂಬತ್ತು ತುಂಬಿದ ಸಂದರ್ಭಕ್ಕೆ, ನ್ಯಾಕ್ಸೋಸ್ ಸಂಸ್ಥೆ ಲಿಯರ್ ನಾಟಕವನ್ನು ಪೂರ್ತಿಯಾಗಿ ಧ್ವನಿಮುದ್ರಿಸಿತು. ಸ್ಕೋಫೀಲ್ಡ್ ಲಿಯರ್, ಕೆನೆತ್ ಬ್ರಾನಾ ವಿದೂಷಕ. ಸೊಲ್ಲಾಪುರಕ್ಕೆ ರೈಲಿನಲ್ಲಿ ಹೋಗುವಾಗ ನಾನು ಕೇಳಿದ್ದು ಇದನ್ನೇ. ನಾಲ್ಕನೆಯ ಅಂಕದ ಕೊನೆಯ ದೃಶ್ಯದಿಂದ ಶುರುಮಾಡಿ, ಸಾಕು. ಹುಚ್ಚಿನಿಂದ ಎಚ್ಚೆತ್ತ ಲಿಯರ್ ಕಿರಿಯ ಮಗಳನ್ನು ಗುರುತು ಹಿಡಿಯಲು ಒದ್ದಾಡುತ್ತ, ತಾನೊಬ್ಬ ಬುದ್ಧಿಗೆಟ್ಟ ಮುದುಕ, ವಯಸ್ಸು ಎಂಬತ್ತು ದಾಟಿದೆ, ತಲೆ ನೆಟ್ಟಗಿಲ್ಲವೇನೋ ಎಂದು ಅಂಜಿಕೆ ಎನ್ನುತ್ತಾನೆ. ನಲವತ್ತರಲ್ಲಿ ಆ ಎಂಬತ್ತನ್ನು ಅವರು ನಟಿಸಬೇಕಾಗಿತ್ತು. ಇಲ್ಲಿ ಹೇಳಿದರೆ ಆಯಿತು, ಹೇಳುತ್ತಾರೆ.